ಒಂದು ಕಡೆ ಕಡಲು, ಒಂದು ಕಡೆ ಹೊಳೆ: ಕೋಡಿ ಬೆಂಗ್ರೆಯಲ್ಲಿ ಮಕ್ಕಳ ಜೊತೆ ಒಂದು ಸುತ್ತು

ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋದರೆ ಸಾಮಾನ್ಯವಾಗಿ ಏನಾಗುತ್ತದೆ? ಗಾಡಿ ನಿಲ್ಲಿಸಿದ ಜಾಗದ ಎದುರಿಗೇ ಒಂದು ಗಂಟೆ ಮರಳಾಟ, ಒಂದು ಐಸ್‌ಕ್ರೀಮ್, ನಾಲ್ಕು ಫೋಟೋ, ವಾಪಸ್. ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಉಡುಪಿ ಕರಾವಳಿಯಲ್ಲಿ ಕಡಲಿನ ಬೆನ್ನಿಗೇ ಹೊಳೆ ಇದೆ, ತೆಂಗಿನ ತೋಟ ಇದೆ, ಕುದ್ರುಗಳಿವೆ (ಹೊಳೆ ನಡುವಿನ ದ್ವೀಪಗಳು), ಬಲೆ ಹೊಲಿಯುವ ಅಂಗಳಗಳಿವೆ. ಬೀಚಿನಲ್ಲೇ ಕೂತು ಎದ್ದು ಬಂದರೆ ಇದ್ಯಾವುದೂ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಎರಡನ್ನೂ ಒಂದೇ ನಡಿಗೆಯಲ್ಲಿ ತೋರಿಸಬೇಕು ಅಂತ ನಾನು ಬೇರೆ ಬೇರೆ ಕಡೆ ಪ್ರಯತ್ನ ಮಾಡಿದ್ದೇನೆ. ಕೊನೆಗೆ ಮನಸ್ಸಿಗೆ ಹಿಡಿಸಿದ್ದು ಕೋಡಿ ಬೆಂಗ್ರೆ. ಬೆಂಗ್ರೆ ಅಂದರೆ ಕಡಲಿಗೂ ಹೊಳೆಗೂ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ನೆಲ. ಕೋಡಿ ಅಂದರೆ ತುದಿ. ಘಟ್ಟದಿಂದ ಇಳಿದು ಬರುವ ಸುವರ್ಣಾ ನದಿ ಕಲ್ಯಾಣಪುರ, ಕೆಮ್ಮಣ್ಣು ದಾಟಿ ಕಡಲಿನ ಹತ್ತಿರ ಬರುತ್ತದೆ, ಆದರೆ ನೇರವಾಗಿ ಕಡಲಿಗೆ ಸೇರುವುದಿಲ್ಲ. ಉತ್ತರಕ್ಕೆ ತಿರುಗಿ, ಕಡಲಿನ ಪಕ್ಕಪಕ್ಕದಲ್ಲೇ ಕೆಲವು ಕಿಲೋಮೀಟರ್ ಹರಿದು, ಸೀತಾ ನದಿಯ ಜೊತೆ ಸೇರಿಕೊಂಡು ಆಮೇಲೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಹೀಗೆ ನಡುವೆ ಉಳಿದ ನೆಲದ ಪಟ್ಟಿಯೇ ಈ ಬೆಂಗ್ರೆ. ಇದು ಎಷ್ಟು ಸಪೂರ ಅಂದರೆ, ಕೆಲವು ಕಡೆ ನಿಂತಲ್ಲೇ ತಲೆ ತಿರುಗಿಸಿದರೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ.

ಮಕ್ಕಳ ಜೊತೆ ನಡೆಯುವವರಿಗೆ ಈ ಸಪೂರವೇ ದೊಡ್ಡ ಅನುಕೂಲ. ಸಾಮಾನ್ಯವಾಗಿ ವೃತ್ತಾಕಾರದ ದಾರಿಯಲ್ಲಿ ಅರ್ಧ ಹೋದ ಮೇಲೆ ಮಗು ಕೂತುಬಿಟ್ಟರೆ ಕಷ್ಟ. ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಇಲ್ಲಿ ಹಾಗಲ್ಲ. ಯಾವ ಜಾಗದಲ್ಲಿ ಬೇಕಾದರೂ ಒಂದು ಓಣಿ ಹಿಡಿದು ಆಚೆ ಬದಿಗೆ ದಾಟಿದರೆ ಸುತ್ತು ಅಲ್ಲಿಗೇ ಚಿಕ್ಕದಾಯಿತು. 2 ಕಿಲೋಮೀಟರ್ ಸುತ್ತು ಬೇಕಾ, 5 ಕಿಲೋಮೀಟರ್ ಬೇಕಾ, ನಡೆಯುತ್ತಾ ನಡೆಯುತ್ತಾ ತೀರ್ಮಾನ ಮಾಡಬಹುದು. ಐದಾರು ವರ್ಷದ ಮಕ್ಕಳಿಂದ ಹಿಡಿದು ಮಂಡಿನೋವಿನ ಅಜ್ಜಿಯವರೆಗೆ ಎಲ್ಲರಿಗೂ ಆಗುವ ದಾರಿ ಇದು.

ದಿನ ಆರಿಸಿಕೊಳ್ಳುವುದು

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಸೆಕೆ ಜಾಸ್ತಿ, ಮಕ್ಕಳು ಬೇಗ ಸೋಲುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸುತ್ತು ಬೇಡವೇ ಬೇಡ. ಮಳೆಗಾಲದ ಅಲೆ ಮರಳನ್ನು ಕೊರೆದು ತೀರವನ್ನು ಕಡಿದಾಗಿ ಮಾಡಿರುತ್ತದೆ, ಕಾಲಿಡಲು ಸಮತಟ್ಟು ಜಾಗವೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ರಜೆ. ಕಡಲನ್ನೇ ನಂಬಿ ಬದುಕುವವರು ದೂರ ಇರುವ ಹೊತ್ತಿನಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಅಲೆಯ ಬಾಯಿಗೆ ಹೋಗುವುದು ಸರಿಯಲ್ಲ.

ತಿಂಗಳು ಆರಿಸಿದ ಮೇಲೆ ನೋಡಬೇಕಾದದ್ದು ಭರತ ಇಳಿತ. ಬಹಳ ಜನ ಇದನ್ನು ನೋಡುವುದೇ ಇಲ್ಲ. ಆದರೆ ನಡಿಗೆ ಸುಖವೋ ಶಿಕ್ಷೆಯೋ ಅನ್ನುವುದು ನಿಂತಿರುವುದು ಇದರ ಮೇಲೆಯೇ. ನೀರು ಇಳಿದಾಗ ತೀರದ ಕೆಳಭಾಗದ ಹಸಿ ಮರಳು ಹೊರಗೆ ಬರುತ್ತದೆ. ಅದು ಸಿಮೆಂಟು ನೆಲದ ಹಾಗೆ ಗಟ್ಟಿ. ಪುಟ್ಟ ಮಕ್ಕಳೂ ಓಡುತ್ತಾ ಹೋಗುತ್ತಾರೆ. ನೀರು ಏರಿದಾಗ ನಡೆಯಲು ಉಳಿಯುವುದು ಮೇಲಿನ ಒಣ ಮರಳು ಮಾತ್ರ. ಅದರಲ್ಲಿ ಪ್ರತಿ ಹೆಜ್ಜೆಗೂ ಕಾಲು ಹೂಳುತ್ತದೆ, ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ "ಎತ್ಕೋ" ಶುರುವಾಗುತ್ತದೆ.

ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದಲ್ಲಿಂದ ಇಳಿಯಲು ಸುಮಾರು ಆರು ಗಂಟೆ. ಇವತ್ತಿನ ಸಮಯಕ್ಕಿಂತ ನಾಳೆ ಸುಮಾರು 50 ನಿಮಿಷ ತಡ. ಆದ್ದರಿಂದ ಈ ಶನಿವಾರ ಸಂಜೆ ತುಂಬಿದ್ದ ಕಡಲು ಮುಂದಿನ ಶನಿವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿದಿರುತ್ತದೆ. ಮಲ್ಪೆ ಅಥವಾ ಮಂಗಳೂರಿನ ಭರತ ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ನೀವು ಕಡಲ ಬದಿಯಲ್ಲಿ ನಡೆಯುವ ಹೊತ್ತು ಪೂರ್ತಿ ಇಳಿತದ ಹಿಂದೆ ಮುಂದೆ ಎರಡು ಗಂಟೆಯೊಳಗೆ ಬಂದರೆ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿದ ಹೊತ್ತು ಸಿಕ್ಕಿದರೆ ಆಗ ತೀರ ತುಂಬಾ ಅಗಲ.

ಮೊಬೈಲ್ ನೋಡಲು ಮರೆತರೂ ಅಲ್ಲೇ ನಿಂತು ತಿಳಿದುಕೊಳ್ಳಬಹುದು. ಅಲೆ ಬಂದು ಮುಟ್ಟುವ ಗೆರೆಗಿಂತ ಮೇಲೆ ಅಗಲವಾಗಿ ಹಸಿ ಮರಳು ಕಂಡರೆ ನೀರು ಇಳಿಯುತ್ತಿದೆ ಅಂತ. ಅಲೆ ಪ್ರತಿ ಸಲ ಒಣ ಮರಳನ್ನೇ ಮುಟ್ಟುತ್ತಿದ್ದರೆ ನೀರು ಏರುತ್ತಿದೆ. ಮಕ್ಕಳಿಗೆ ಇದನ್ನು ಒಂದು ಸಲ ಹೇಳಿಕೊಟ್ಟರೆ ಆಮೇಲೆ ಎಲ್ಲಿ ಹೋದರೂ ಅವರೇ ನೋಡಿ ಹೇಳುತ್ತಾರೆ.

ಯಾವ ಬದಿಯಿಂದ ಶುರು ಮಾಡಬೇಕು

ಸುತ್ತು ಅಂದಮೇಲೆ ಯಾವ ಕಡೆಯಿಂದ ಹೋದರೂ ಒಂದೇ ಅಲ್ವಾ ಅನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಹೋದಾಗ ಮಧ್ಯಾಹ್ನ ಮೂರೂವರೆಗೆ ಕಡಲ ಬದಿಯಿಂದಲೇ ಉತ್ತರಕ್ಕೆ ಹೊರಟೆವು. ಎಡಗಡೆಯಿಂದ ಬಿಸಿಲು ಕೆನ್ನೆ ಸುಡುತ್ತಿತ್ತು. ಎದುರಿನಿಂದ ಗಾಳಿ ಬೀಸಿ ಮರಳು ಕಣ್ಣಿಗೆ ಹಾರುತ್ತಿತ್ತು. ಆಗ ಆರು ವರ್ಷದವಳಾಗಿದ್ದ ಮಗಳು ಇಪ್ಪತ್ತು ನಿಮಿಷಕ್ಕೇ ನೆಲದ ಮೇಲೆ ಕೂತುಬಿಟ್ಟಳು. ಅವಳದ್ದೇನೂ ಹಠ ಅಲ್ಲ, ದಾರಿಯ ದಿಕ್ಕನ್ನು ನಾನೇ ಯೋಚನೆ ಮಾಡಿರಲಿಲ್ಲ.

ಲೆಕ್ಕ ಬಹಳ ಸರಳ. ಕಡಲು ಪಶ್ಚಿಮಕ್ಕೆ, ಹೊಳೆ ಪೂರ್ವಕ್ಕೆ, ನಡುವೆ ತೆಂಗಿನ ಮರ. ಸಂಜೆ ಸೂರ್ಯ ಕಡಲಿನ ಕಡೆ ಇರುತ್ತಾನೆ. ಹಾಗಾಗಿ ತೆಂಗಿನ ನೆರಳು ಹೊಳೆಯ ಬದಿಗೆ ಬೀಳುತ್ತದೆ. ಬೆಳಿಗ್ಗೆ ಸೂರ್ಯ ಹೊಳೆಯ ಕಡೆಯಿಂದ ಏಳುತ್ತಾನೆ, ಆಗ ನೆರಳು ಕಡಲ ಬದಿಗೆ. ಇನ್ನು ಗಾಳಿ. ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಆ ಹೊತ್ತಿನಲ್ಲಿ ತೀರದಲ್ಲಿ ಉತ್ತರಕ್ಕೆ ಹೋದರೆ ಗಾಳಿ ಮುಖಕ್ಕೆ, ದಕ್ಷಿಣಕ್ಕೆ ಬಂದರೆ ಬೆನ್ನಿಗೆ.

ಆದ್ದರಿಂದ ಸಂಜೆ ಹೋಗುವವರು ಮೊದಲು ಹೊಳೆ ಬದಿಯಲ್ಲಿ ಉತ್ತರಕ್ಕೆ ಹೋಗಿ, ತುದಿಯಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆ ನೋಡಿ, ಕಡಲ ಬದಿಯಲ್ಲಿ ದಕ್ಷಿಣಕ್ಕೆ ವಾಪಸ್ ಬನ್ನಿ. ಬೆಳಿಗ್ಗೆ ಹೋಗುವವರು ಮೊದಲು ಕಡಲ ಬದಿ, ಆಮೇಲೆ ಹೊಳೆ ಬದಿ. ಬೆಳಿಗ್ಗೆಯಾದರೆ ಬೆಳಕು ಹರಿದ ಕೂಡಲೇ ಹೊರಟು ಒಂಬತ್ತರೊಳಗೆ ಮುಗಿಸಬೇಕು. ಆಮೇಲೆ ಹೊಳೆ ಬದಿಯಲ್ಲಿ ನೇರ ಬಿಸಿಲು.

ನನ್ನ ಆಯ್ಕೆ ಸಂಜೆ. ಮಕ್ಕಳನ್ನು ನಸುಕಿಗೇ ಎಬ್ಬಿಸುವ ಗಡಿಬಿಡಿ ಇಲ್ಲ, ನಡಿಗೆಯ ಕೊನೆಗೆ ಸೂರ್ಯಾಸ್ತ ಸಿಗುತ್ತದೆ. ಆದರೆ ಸಂಜೆ ನೀರು ಏರುವ ದಿನವಾದರೆ ಬೆಳಿಗ್ಗೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಯೋಚನೆಯೇ ಬೇಡ, ಮುಂದಿನ ವಾರ ಹೋಗಿ. ಮುಂದೆ ಹೇಳುವ ದಾರಿ ಸಂಜೆಯದ್ದು. ಬೆಳಗಿನವರು ಇದನ್ನೇ ಉಲ್ಟಾ ಮಾಡಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ನೀರು ಧಾರಾಳವಾಗಿ ಇರಲಿ, ತಲೆಗೆ ಒಂದು ಲೀಟರ್‌ನಂತೆ. ಹಸಿವಿಗೆ ಬಾಳೆಹಣ್ಣು, ಹಿಂದಿನ ದಿನ ಮಾಡಿಟ್ಟ ಬನ್ಸ್, ಒಗ್ಗರಣೆ ಅವಲಕ್ಕಿ, ಹೀಗೆ ಕೈ ಜಾಸ್ತಿ ಅಂಟದ್ದು ಏನಾದರೂ. ಚಿಪ್ಸ್ ಪೊಟ್ಟಣ ಬೇಡ, ಗಾಳಿಗೆ ಒಂದು ಹಾರಿದರೆ ಸೀದಾ ಕಡಲಿಗೆ. ಟೋಪಿ, ಚಿಕ್ಕ ಟವೆಲ್, ಒಂದು ಜೊತೆ ಬಟ್ಟೆ, ಟಾರ್ಚ್, ಗಾಯಕ್ಕೆ ಹಚ್ಚುವ ಪಟ್ಟಿ.

ಕಾಲಿಗೆ ಹಿಮ್ಮಡಿ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಹವಾಯಿ ಚಪ್ಪಲಿ ಹಸಿ ಮರಳಿನಲ್ಲಿ ಅಂಟಿಕೊಳ್ಳುತ್ತದೆ. ಶೂ ಒಳಗೆ ಮರಳು ಸೇರಿ ಗುಳ್ಳೆ ಏಳುತ್ತದೆ. ಗಟ್ಟಿ ಮರಳಿನಲ್ಲಿ ಬರಿಗಾಲಲ್ಲಿ ಹೋಗಬಹುದು, ಆದರೆ ಬಲೆ ಬಿಡಿಸುವ ಜಾಗದಲ್ಲಿ ಚಪ್ಪಲಿ ಬಿಚ್ಚಬೇಡಿ. ಮೀನಿನ ಮುಳ್ಳು, ತುಂಡಾದ ಗಾಳ, ಗಾಜಿನ ಚೂರು ಇರುತ್ತವೆ.

ದಾರಿಯಲ್ಲಿ ಶೌಚಾಲಯ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಉಡುಪಿಯಲ್ಲೋ ಸಂತೆಕಟ್ಟೆಯಲ್ಲೋ ಹೋಟೆಲಿನಲ್ಲಿ ಕಾಫಿ ಕುಡಿಯುವಾಗಲೇ ಎಲ್ಲರೂ ಮುಗಿಸಿಕೊಂಡು ಬಿಡಿ.

ಗಾಡಿ ಎಲ್ಲಿ ನಿಲ್ಲಿಸಬೇಕು

ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ಮಾರ್ಗವಾಗಿ ಬನ್ನಿ. ಹೂಡೆ ದಾಟಿ ಉತ್ತರಕ್ಕೆ ತಿರುಗಿದ ಮೇಲೆ ದಾರಿ ತಪ್ಪುವ ಮಾತೇ ಇಲ್ಲ. ತುದಿವರೆಗೂ ಒಂದೇ ರಸ್ತೆ, ಎರಡೂ ಕಡೆ ನೀರು. ಬಸ್ಸಿನಲ್ಲೂ ಬರಬಹುದು. ಇಳಿಯುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಸಮಯ ಕೇಳಿಕೊಳ್ಳಿ.

ಸ್ವಂತ ಗಾಡಿಯಾದರೆ ನಾನು ಮಾಡುವುದು ಹೀಗೆ. ಮೊದಲು ರಸ್ತೆಯ ತುದಿವರೆಗೂ ಗಾಡಿಯಲ್ಲೇ ಹೋಗುತ್ತೇನೆ. ಅಲ್ಲಿ ಇಳಿಯುವುದಿಲ್ಲ, ತಿರುಗಿಸಿಕೊಂಡು ಮೀಟರ್ ನೋಡುತ್ತಾ 2 ಕಿಲೋಮೀಟರ್ ಹಿಂದೆ ಬರುತ್ತೇನೆ. ಅಲ್ಲಿ ರಸ್ತೆ ಬದಿಯಲ್ಲಿ ಯಾರಿಗೂ ಅಡ್ಡ ಆಗದ ಜಾಗ ನೋಡಿ ನಿಲ್ಲಿಸುತ್ತೇನೆ. ಅಲ್ಲಿಂದ ಶುರು ಮಾಡಿದರೆ ಹೋಗಿ ಬರುವ ಸುತ್ತು ನಾಲ್ಕೂವರೆ ಕಿಲೋಮೀಟರ್ ಆಸುಪಾಸು ಆಗುತ್ತದೆ. ಮೊದಲೇ ಒಂದು ಸಲ ಗಾಡಿಯಲ್ಲಿ ಹೋಗಿ ಬಂದಿದ್ದರಿಂದ ಮಕ್ಕಳಿಗೂ ಎಲ್ಲಿವರೆಗೆ ಹೋಗಬೇಕು ಅನ್ನುವ ಅಂದಾಜು ಇರುತ್ತದೆ. ತುಂಬಾ ಚಿಕ್ಕ ಮಕ್ಕಳಾದರೆ 1 ಕಿಲೋಮೀಟರ್ ಹಿಂದೆ ಬಂದರೆ ಸಾಕು.

ನಿಲ್ಲಿಸುವಾಗ ಒಂದು ವಿಷಯ. ಖಾಲಿ ಕಾಣುವ ಜಾಗ ಎಲ್ಲವೂ ಖಾಲಿ ಅಲ್ಲ. ಅದು ಮೀನು ಒಣಗಿಸುವ ಜಾಗವೋ, ಬಲೆ ಹರಡುವ ಜಾಗವೋ, ದೋಣಿ ಎಳೆಯುವ ದಾರಿಯೋ ಆಗಿರಬಹುದು. ಹತ್ತಿರದ ಮನೆಯಲ್ಲಿ ಒಂದು ಮಾತು ಕೇಳಿ. "ಇಲ್ಲಿ ಇಡಬಹುದಾ ಅಕ್ಕ?" ಅಂದರೆ "ಇಡಿ ಇಡಿ, ತೊಂದರೆ ಇಲ್ಲ" ಅಂತಲೇ ಉತ್ತರ ಬರುವುದು. ಹಾಗೇ ಗುರುತಿಗೆ ಒಂದು ಮನೆಯ ಬಣ್ಣವನ್ನೋ ಅಂಗಡಿಯನ್ನೋ ನೆನಪಿಟ್ಟುಕೊಳ್ಳಿ. ಕಡಲ ಬದಿಯಲ್ಲಿ ವಾಪಸ್ ಬರುವಾಗ ಎಲ್ಲ ತೆಂಗಿನ ಮರಗಳೂ ಒಂದೇ ತರ ಕಾಣುತ್ತವೆ. ಹೊರಡುವ ಮುಂಚೆ ಓಣಿಯಲ್ಲಿ ಕಡಲಿನವರೆಗೆ ಹೋಗಿ, ಅಲ್ಲಿ ಕಾಣುವ ಒಂದು ದೋಣಿಯನ್ನೋ ಕಲ್ಲನ್ನೋ ಮಕ್ಕಳಿಗೆ ತೋರಿಸಿ, "ವಾಪಸ್ ಬರುವಾಗ ಇದನ್ನು ಹುಡುಕುವುದು ನಿನ್ನ ಕೆಲಸ" ಅಂತ ಹೇಳಿಬಿಡಿ. ಮೊಬೈಲಿನಲ್ಲೂ ಆ ಜಾಗವನ್ನು ಗುರುತು ಮಾಡಿಡಿ.

ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6.10ಕ್ಕೆ, ಫೆಬ್ರವರಿ ಮಧ್ಯದ ಹೊತ್ತಿಗೆ 6.35. ಮಕ್ಕಳ ಜೊತೆ ಈ ಸುತ್ತಿಗೆ ಎರಡೂವರೆ ಗಂಟೆ ಬೇಕು. ಆ ಲೆಕ್ಕದಲ್ಲಿ ಡಿಸೆಂಬರ್‌ನಲ್ಲಿ ಮೂರೂಮುಕ್ಕಾಲಿಗೆ, ಫೆಬ್ರವರಿಯಲ್ಲಿ ನಾಲ್ಕು ಗಂಟೆ ದಾಟಿದ ಮೇಲೆ ಹೊರಟರೆ ಸರಿ.

ಹೊಳೆ ಬದಿ

ಇಲ್ಲಿ ಅವಸರ ಮಾಡಬೇಡಿ. ದೂರ ಕಡಿಮೆ, ನೋಡಲು ಜಾಸ್ತಿ. ರಸ್ತೆ ಕೆಲವು ಕಡೆ ಹೊಳೆಗೆ ತಾಗಿಕೊಂಡೇ ಹೋಗುತ್ತದೆ, ಕೆಲವು ಕಡೆ ಮನೆ, ತೋಟ ಅಡ್ಡ ಬರುತ್ತವೆ. ವಾಹನ ಕಡಿಮೆಯಾದರೂ ಬೈಕುಗಳು ಜೋರಾಗಿ ಬರುತ್ತವೆ. ಎದುರಿಂದ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ. ಹೊಳೆಯೂ ಬಲಕ್ಕೇ ಇರುತ್ತದೆ. ಮಕ್ಕಳ ಕೈ ಹಿಡಿದುಕೊಳ್ಳಿ.

ಹೊಳೆ ನಡುವೆ ಕಾಣುವ ಹಸಿರು ತುಂಡುಗಳೇ ಕುದ್ರುಗಳು. ಕೆಲವು ಕುದ್ರುಗಳಲ್ಲಿ ಮನೆ ಇದೆ, ತೆಂಗು ಇದೆ, ದೋಣಿಯಲ್ಲೇ ಓಡಾಟ. ಶಾಲೆಗೂ ದೋಣಿಯಲ್ಲೇ ಹೋಗುವ ಕಾಲವಿತ್ತು ಅಂತ ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ದಡದ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಕಂಡರೆ ಖಂಡಿತ ನಿಲ್ಲಿ. ಉಪ್ಪುನೀರಿನಲ್ಲಿ ಬದುಕುವ ಗಿಡ ಅದು. ಕಾಂಡದಿಂದಲೇ ಬೇರುಗಳು ಕಮಾನಿನ ಹಾಗೆ ಇಳಿದು ಕೆಸರನ್ನು ಹಿಡಿದುಕೊಂಡಿರುತ್ತವೆ. ಸಣ್ಣ ಮೀನು, ಸಿಗಡಿ, ಏಡಿಗಳ ಮರಿಗಳಿಗೆ ಆ ಬೇರಿನ ಸಂದುಗಳೇ ತೊಟ್ಟಿಲು. ಇದರ ಬೀಜದ ಸಂಗತಿ ಇನ್ನೂ ಚೆಂದ. ಬೀಜ ಮರದಲ್ಲಿ ಇರುವಾಗಲೇ ಮೊಳೆತು, ಹಸಿರು ಕೋಲಿನ ಹಾಗೆ ಉದ್ದಕ್ಕೆ ನೇತಾಡುತ್ತದೆ. ದೂರದಿಂದ ನೋಡಿದರೆ ಎಳೆ ನುಗ್ಗೆಕಾಯಿ. ಹಣ್ಣಾದ ಮೇಲೆ ಕಳಚಿ ಬೀಳುತ್ತದೆ. ನೀರು ಇಳಿದಿದ್ದರೆ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ಗಿಡವಾಗಬಹುದು, ನೀರು ತುಂಬಿದ್ದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ. ಹೀಗೆ ತೇಲಿ ಬಂದ ಒಂದೆರಡು ಕೋಲು ಕಡಲ ಬದಿಯಲ್ಲೂ ಸಿಗುತ್ತವೆ. ಇಲ್ಲಿ ಮರದಲ್ಲಿ ನೋಡಿದ್ದನ್ನು ಅಲ್ಲಿ ಮರಳಿನಲ್ಲಿ ಗುರುತು ಹಿಡಿದಾಗ ಮಕ್ಕಳಿಗೆ ಆಗುವ ಖುಷಿ ನೋಡಬೇಕು.

ಹೊಳೆಯ ಮೇಲೆ ಗರುಡ ಸುತ್ತುತ್ತಿರುತ್ತದೆ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ದಡದ ಗೂಟದ ಮೇಲೆ ಮಿಂಚುಳ್ಳಿ, ಕೆಸರಿನಲ್ಲಿ ಬೆಳ್ಳಕ್ಕಿ. ಇದಕ್ಕೆಲ್ಲ ದೂರದರ್ಶಕ ಏನೂ ಬೇಡ. ಸುಮ್ನೆ ಐದು ನಿಮಿಷ ನಿಂತರೆ ಸಾಕು.

ಅಂಗಳಗಳಲ್ಲಿ ಒಣಮೀನು ಹರಡಿರುತ್ತಾರೆ. ಊರಿನವರ ಬದುಕು ಅದು. ಮಕ್ಕಳು ವಾಸನೆಗೆ ಮೂಗು ಮುಚ್ಚಿಕೊಳ್ಳುವುದು ಸಹಜ, ಆದರೆ ಅಲ್ಲಿಗೆ ಬರುವ ಮುಂಚೆಯೇ "ಅವರ ಎದುರಿಗೆ ಹಾಗೆ ಮಾಡಬಾರದು" ಅಂತ ಹೇಳಿಕೊಡಿ. ಕೇಳದೆ ಫೋಟೋ ತೆಗೆಯಬೇಡಿ. ಒಮ್ಮೆ ಮೀನು ಮಗುಚುತ್ತಾ ಕೂತಿದ್ದ ಅಜ್ಜಿಯೊಬ್ಬರು ನನ್ನ ಮಗಳನ್ನು ಹತ್ತಿರ ಕರೆದು, "ಬಾ ಮಗಾ, ಇದು ಯಾವ ಮೀನು ಹೇಳು ನೋಡುವ" ಅಂದರು. ಅವಳಿಗೆ ಗೊತ್ತಿರಲಿಲ್ಲ. ಬಂಗುಡೆ, ಬೂತಾಯಿ, ನಂಗು, ಒಂದೊಂದನ್ನೇ ಎತ್ತಿ ಹಿಡಿದು ತೋರಿಸಿದರು. ಬಂಗುಡೆಯ ಬೆನ್ನಿನ ಮೇಲೆ ಬೆರಳು ಆಡಿಸಿ ಗೆರೆ ತೋರಿಸಿದರು. ನಂಗಿನ ಎರಡು ಕಣ್ಣೂ ಒಂದೇ ಕಡೆ ಇರುವುದನ್ನು ತೋರಿಸಿದಾಗ ಮಗಳು ನಂಬದೆ ತಿರುಗಿಸಿ ತಿರುಗಿಸಿ ನೋಡಿದಳು. ಈಗಲೂ ಮಾರ್ಕೆಟ್ಟಿಗೆ ಹೋದರೆ ಮೊದಲು ಹುಡುಕುವುದು ನಂಗನ್ನೇ.

ಅಳಿವೆ

ಒಂದು ಗಂಟೆಯೊಳಗೆ ತುದಿ ಮುಟ್ಟುತ್ತೀರಿ. ಹೊಳೆ ಕಡಲಿಗೆ ಸೇರುವ ಬಾಯಿಯೇ ಅಳಿವೆ. ಆಚೆ ದಡದಲ್ಲಿ ಕಾಣುವುದು ಹಂಗಾರಕಟ್ಟೆ. ಕಣ್ಣಳತೆಯಲ್ಲೇ ಇದ್ದರೂ ರಸ್ತೆಯಲ್ಲಿ ಹೋಗಬೇಕಾದರೆ ಕಲ್ಯಾಣಪುರ, ಬ್ರಹ್ಮಾವರ ಸುತ್ತಿಕೊಂಡು ಹೋಗಬೇಕು. ಈಚೆ ಹೆಚ್ಚಾಗಿ ತುಳು ಕೇಳಿಸುತ್ತದೆ, ಸೀತಾ ನದಿ ದಾಟಿ ಉತ್ತರಕ್ಕೆ ಹೋದಂತೆ ಕುಂದಗನ್ನಡ. ಒಂದು ಹೊಳೆಯ ಅಗಲದಲ್ಲಿ ಮಾತಿನ ರಾಗವೇ ಬದಲಾಗುತ್ತದೆ.

ತಿಂಡಿಯ ಜಾಗ ಇದೇ. ಅರ್ಧ ಗಂಟೆ ಕೂತುಕೊಳ್ಳಿ. ಸೀಯಾಳ ಸಿಕ್ಕಿದರೆ ಕುಡಿಯಿರಿ. ದೋಣಿಗಳು ಅಲೆ ಸೀಳಿಕೊಂಡು ಒಳಗೆ ಬರುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಆದರೆ ನೀರಿಗೆ ಇಳಿಯಬೇಡಿ. ಪಾದ ಮುಳುಗುವಷ್ಟೂ ಬೇಡ. ಈ ಬರಹದಲ್ಲಿ ಬೇರೆ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಅಳಿವೆಯ ನೀರು ನೋಡಲು ಶಾಂತ, ಅಲೆ ಕೂಡ ಕಡಿಮೆ. ಹಾಗಾಗಿಯೇ ಜನ ಮೋಸ ಹೋಗುವುದು. ನೀರು ಇಳಿಯುವ ಹೊತ್ತಿನಲ್ಲಿ ಎರಡು ನದಿಗಳ ನೀರು, ಭರತದಲ್ಲಿ ಒಳಗೆ ನುಗ್ಗಿದ್ದ ಕಡಲ ನೀರು, ಎಲ್ಲವೂ ಆ ಒಂದು ಬಾಯಿಯಿಂದಲೇ ಹೊರಗೆ ಹೋಗಬೇಕು. ಸೆಳೆತ ಬಹಳ ಜೋರು. ತಳದ ಮರಳು ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಮೊಣಕಾಲು ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳ ಗುಂಡಿ ಇರಬಹುದು. ನಾವು ಇಳಿತ ನೋಡಿಕೊಂಡೇ ಬಂದಿರುತ್ತೇವೆ ತಾನೇ, ಅಂದರೆ ಸೆಳೆತ ಜೋರಾಗಿರುವ ಹೊತ್ತಿಗೇ ಇಲ್ಲಿ ಇರುತ್ತೇವೆ. ದೋಣಿ ಕಟ್ಟುತ್ತಿದ್ದ ಒಬ್ಬರು ನಮಗೆ ಹೇಳಿದ್ದು ಇಷ್ಟೇ: "ಇಲ್ಲಿ ನಾವೇ ಇಳಿಯುದಿಲ್ಲ ಮಾರಾಯ್ರೆ, ಮಕ್ಕಳನ್ನು ಬಿಡಬೇಡಿ." ಹುಟ್ಟಿದಾಗಿನಿಂದ ಈ ನೀರು ನೋಡಿದವರ ಮಾತು ಅದು.

ಒಬ್ಬರು ದೊಡ್ಡವರು ನೀರಿಗೂ ಮಕ್ಕಳಿಗೂ ನಡುವೆಯೇ ಕೂತುಕೊಳ್ಳಿ. ಫೋನು ಚೀಲದಲ್ಲಿ ಇರಲಿ. ತುರ್ತು ಬಂದರೆ 112.

ಕಡಲ ಬದಿಯಲ್ಲಿ ವಾಪಸ್

ಐದು ಗಂಟೆ ಸುಮಾರಿಗೆ ಅಳಿವೆಯಿಂದ ಎದ್ದು, ಬಾಯಿಯಿಂದ ಚೆನ್ನಾಗಿ ದೂರ ಸರಿದ ಮೇಲೆಯೇ ತೀರಕ್ಕೆ ಇಳಿಯಿರಿ. ಈಗ ಕಡಲು ಬಲಕ್ಕೆ, ಗಾಳಿ ಬೆನ್ನಿಗೆ. ಗಟ್ಟಿ ಮರಳು ಹಿಡಿದು ದಕ್ಷಿಣಕ್ಕೆ ನಡೆಯುತ್ತಾ ಬನ್ನಿ. ತೀರ ಓರೆಯಾಗಿದ್ದರೆ ಒಂದೇ ಕಾಲು ತಗ್ಗಿಗೆ ಬಿದ್ದು ಬಿದ್ದು ಸೋಲುತ್ತದೆ, ಆದಷ್ಟು ಸಮತಟ್ಟಾದ ಕೆಳಭಾಗದಲ್ಲೇ ನಡೆಯಿರಿ. ಕಡಲ ಕೊರೆತಕ್ಕೆ ಅಂತ ದೊಡ್ಡ ಕಲ್ಲು ಪೇರಿಸಿದ ಜಾಗ ಎದುರಾದರೆ ಅದರ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಸಂದಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಓಣಿ ಹಿಡಿದು ರಸ್ತೆಗೆ ಹೋಗಿ, ಕಲ್ಲು ಮುಗಿದ ಮೇಲೆ ಮತ್ತೆ ಇಳಿಯಿರಿ.

ನೀರು ಇಳಿದ ತೀರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಹಸಿ ಮರಳಿನ ಮೇಲೆ ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಮರಳಿನ ಉಂಡೆಗಳು ಸಾಲು ಸಾಲಾಗಿ ಬಿದ್ದಿರುತ್ತವೆ. ನಡುವೆ ಒಂದು ಸಣ್ಣ ತೂತು, ಅದರ ಸುತ್ತ ಸೂರ್ಯನ ಕಿರಣದ ಹಾಗೆ ಹರಡಿಕೊಂಡ ಉಂಡೆಗಳು. ಯಾರೋ ಕೂತು ರಂಗೋಲಿ ಹಾಕಿದ ಹಾಗೆ. ಇದು ಬೆರಳ ಉಗುರಿನಷ್ಟೂ ಇಲ್ಲದ ಪುಟ್ಟ ಏಡಿಯ ಕೆಲಸ. ನೀರು ಇಳಿದ ಕೂಡಲೇ ತೂತಿನಿಂದ ಹೊರಗೆ ಬಂದು, ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಆಹಾರವನ್ನು ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ಮುಂದಿನ ಭರತ ಬಂದು ಎಲ್ಲವನ್ನೂ ಒರೆಸಿಬಿಡುತ್ತದೆ, ಮತ್ತೆ ಹೊಸದಾಗಿ ಶುರು. ನೋಡಬೇಕಾದರೆ ಎರಡು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಅಲುಗಾಡದೆ ಇರಬೇಕು. ಮೊದಲು ಏನೂ ಇರುವುದಿಲ್ಲ. ಎರಡು ನಿಮಿಷಕ್ಕೆ ಒಂದು ತೂತಿನಲ್ಲಿ ಏನೋ ಮಿಸುಕಾಡುತ್ತದೆ, ಆಮೇಲೆ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಮರಳೇ ಓಡಾಡುತ್ತಿರುತ್ತದೆ. ಯಾರಾದರೂ ಕೈ ಎತ್ತಿದರೆ ಮುಗಿಯಿತು, ಎಲ್ಲ ಒಳಗೆ. ಒಂದು ಕಡೆ ನಿಲ್ಲದ ಮಕ್ಕಳು ಕೂಡ ಇಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ನಾನು ನೋಡಿದ್ದೇನೆ.

ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಕೈರಂಪಣಿ ಎಳೆಯುವವರು ಸಿಕ್ಕಿದರೆ ನಿಮ್ಮ ಅದೃಷ್ಟ. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ಎರಡು ಗುಂಪು ದಡದಲ್ಲೇ ನಿಂತು ಎಳೆಯುತ್ತದೆ. ಹಗ್ಗಕ್ಕೆ ಅಡ್ಡ ಹೋಗಬೇಡಿ, ದಾಟಲೂ ಬೇಡಿ. ಅವರೇ ಕರೆದರೆ ಮಕ್ಕಳು ಹಗ್ಗದ ಕೊನೆಗೆ ಕೈ ಕೊಡಬಹುದು.

ಮುಟ್ಟಬಾರದ್ದು ಕೆಲವಿದೆ. ಲೋಳೆಯ ಹಾಗೆ ಬಿದ್ದಿರುವ ಜೆಲ್ಲಿ ಮೀನು ಸತ್ತಿದ್ದರೂ ಕುಟುಕುತ್ತದೆ. ತಾಗಿದರೆ ಉಜ್ಜಬೇಡಿ, ಕಡಲ ನೀರಿನಲ್ಲೇ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಚೆಂಡಿನ ಹಾಗೆ ಉಬ್ಬಿ ಸತ್ತು ಬಿದ್ದ ಮೀನನ್ನೂ ಮುಟ್ಟುವುದು ಬೇಡ. ಚಳಿಗಾಲದಲ್ಲಿ ಕಡಲಾಮೆಗಳು ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುತ್ತವೆ. ನೀರಿನಿಂದ ಮೇಲಕ್ಕೆ ಟ್ರ್ಯಾಕ್ಟರ್ ಚಕ್ರದ ಗುರುತಿನಂಥ ಸಾಲು ಕಂಡರೆ ಅಲ್ಲಿ ಅಗೆಯಬೇಡಿ. ಊರಿನವರಿಗೆ ತಿಳಿಸಿ, ಅವರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಜೀವ ಇರುವ ಚಿಪ್ಪುಗಳನ್ನು ಮನೆಗೆ ತರಬೇಡಿ. ಖಾಲಿ ಚಿಪ್ಪು ಬೇಕಾದರೆ ಒಬ್ಬರಿಗೆ ಒಂದು ಅಂತ ನಮ್ಮ ಮನೆಯ ನಿಯಮ. ಯಾವುದು ಇಟ್ಟುಕೊಳ್ಳಲಿ ಅಂತ ಅವರು ಆರಿಸುತ್ತಾ ಬರುವುದರಲ್ಲೇ ಅರ್ಧ ದಾರಿ ಕಳೆದಿರುತ್ತದೆ.

ಈಜಾಟ ಈ ಸುತ್ತಿನಲ್ಲಿ ಇಲ್ಲ. ಕಾವಲುಗಾರರಿಲ್ಲದ ತೀರ ಇದು. ಪಾದ ಒದ್ದೆ ಮಾಡಿಕೊಳ್ಳುವುದು ಸಾಕು, ಅದೂ ದೊಡ್ಡವರ ಕೈ ಹಿಡಿದು.

ನಡುವೆ ಸುಸ್ತಾದರೆ

ತೀರದಿಂದ ಯಾವುದಾದರೂ ಓಣಿ ಹಿಡಿದು ಮೇಲೆ ಬನ್ನಿ. "ಇಲ್ಲಿಂದ ರೋಡಿಗೆ ದಾರಿ ಉಂಟಾ?" ಅಂತ ಕೇಳಿ. ಬೇರೆಯವರ ಅಂಗಳ ದಾಟಬೇಕಾದರೆ ಕೇಳಿಯೇ ದಾಟಿ. ರಸ್ತೆ ಸಿಕ್ಕಿದ ಮೇಲೆ ಒಬ್ಬರು ಹೋಗಿ ಗಾಡಿ ತಂದರಾಯಿತು. ಇರುವುದೇ ಒಂದು ರಸ್ತೆ, ಯಾರು ಎಲ್ಲಿದ್ದಾರೆ ಅಂತ ಹುಡುಕುವ ಕಷ್ಟವಿಲ್ಲ. ನನ್ನ ಅಮ್ಮ ಬಂದಾಗ ನಾವು ಹೀಗೇ ಮಾಡುವುದು. ಹೊಳೆ ಬದಿಯಲ್ಲಿ ಅವರಿಗೆ ಆಗುವಷ್ಟು ನಡೆಯುತ್ತಾರೆ, ಆಮೇಲೆ ಅಣ್ಣ ಅವರನ್ನು ಗಾಡಿಯಲ್ಲಿ ಅಳಿವೆಗೆ ಕರೆತರುತ್ತಾನೆ. ತಿಂಡಿಗೆ ಎಲ್ಲರೂ ಒಟ್ಟಿಗೆ. ಸೂರ್ಯ ಮುಳುಗುವ ಹೊತ್ತಿಗೆ ಅಮ್ಮ ಮತ್ತೆ ಗಾಡಿ ನಿಲ್ಲಿಸಿದ ಓಣಿಯ ತುದಿಯಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಾರೆ.

ಗುರುತಿನ ದೋಣಿ ಸಿಕ್ಕಿತು ಅಂತ ಮಕ್ಕಳು ಕೂಗಿದರೆ ಸುತ್ತು ಮುಗಿದ ಹಾಗೆ. ಸೂರ್ಯ ಮುಳುಗಿದ ಕೂಡಲೇ ಎದ್ದು ಹೊರಡಬೇಡಿ. ಇನ್ನೊಂದು ಹತ್ತು ನಿಮಿಷ ಮೋಡಗಳ ಬಣ್ಣ ಏರುತ್ತಾ ಹೋಗುತ್ತದೆ, ಹಸಿ ಮರಳಿನಲ್ಲಿ ಅದೇ ಬಣ್ಣ ಕೆಳಗೂ ಕಾಣುತ್ತದೆ. ಆಮೇಲೆ ಟಾರ್ಚ್ ಹಿಡಿದು ಓಣಿಯಲ್ಲಿ ರಸ್ತೆಗೆ ಬನ್ನಿ. ಉಳಿದ ನೀರಿನಲ್ಲಿ ಕಾಲು ತೊಳೆದು, ಪೂರ್ತಿ ಒಣಗಿದ ಮೇಲೆ ಟವೆಲಿನಿಂದ ಒರೆಸಿದರೆ ಮರಳು ಸುಲಭವಾಗಿ ಉದುರುತ್ತದೆ. ಒದ್ದೆಯಲ್ಲೇ ಉಜ್ಜಿದರೆ ಅಂಟಿಕೊಂಡು ಚರ್ಮ ಕೆಂಪಾಗುತ್ತದೆ. ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ಹೋಗುವ ತೂಗುಸೇತುವೆ ಇದೆ. ವಾಪಸ್ ಹೋಗುವಾಗ ಕತ್ತಲಾಗಿರುತ್ತದೆ, ಹಾಗಾಗಿ ಅದನ್ನು ನೋಡುವ ಆಸೆ ಇದ್ದರೆ ಬರುವಾಗಲೇ ಅರ್ಧ ಗಂಟೆ ಮುಂಚೆ ಮನೆ ಬಿಡಿ.